ನೆಂಟರು ಬಂದಾಗ ನಿಲ್ಲುವ ಮಗ್ಗ

ಮುಧೋಳ ನಾಯಿ ಸಾಕುವ ಮುಂಚೆ ಏನೇನು ಯೋಚಿಸಬೇಕೋ ಅಷ್ಟನ್ನೂ ನಾವು ಯೋಚಿಸಿದ್ದೆವು. ಅದಕ್ಕೇ ನನಗೆ ಹೆಚ್ಚು ನಾಚಿಕೆ. ಯೋಚಿಸದೆ ತಂದು ಕೈಬಿಟ್ಟಿದ್ದರೆ ದಡ್ಡರು ಅನ್ನಿಸಿಕೊಂಡು ಸುಮ್ಮನಿರಬಹುದಿತ್ತು.

ದೊಡ್ಡಬಳ್ಳಾಪುರದ ಅಂಚಿನಲ್ಲಿ ನಮ್ಮ ಮನೆ. ಹಿಂದುಗಡೆ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಅತ್ತೆ, ಮಾವ, ಗಂಡ, ನಾನು. ಪಕ್ಕದ ಬೀದಿಯ ಶೆಡ್ಡಿನಿಂದ ಯಾರೋ ರಾತ್ರೋರಾತ್ರಿ ಮೋಟಾರು ಬಿಚ್ಚಿಕೊಂಡು ಹೋದ ಮೇಲೆ ನಾಯಿಯ ಮಾತು ಬಂತು. ಆ ನೆಪ ನನಗೆ ಸಾಕಿತ್ತು. ಚಿಕ್ಕಂದಿನಿಂದ ನನಗೆ ಎತ್ತರದ ನಾಯಿಯ ಆಸೆ.

ತ್ಯಾಮಗೊಂಡ್ಲು ಕಡೆ ತೋಟದ ಮನೆಯೊಂದರಲ್ಲಿ ಬಾಡಿಗೆಗಿದ್ದ ಒಬ್ಬ ಬ್ಯಾಂಕ್ ಮೇಡಂ ತಮ್ಮ ನಾಯಿಗೆ ಮನೆ ಹುಡುಕುತ್ತಿದ್ದಾರೆಂದು ಗೊತ್ತಾಯಿತು. ಅವರಿಗೆ ಮುಂಬೈಗೆ ವರ್ಗವಾಗಿತ್ತು. ಅಲ್ಲಿನ ಫ್ಲಾಟಿನಲ್ಲಿ ಓಡುವ ನಾಯಿಯನ್ನು ಎಲ್ಲಿ ಕಟ್ಟುವುದು? ಫೋನಿನಲ್ಲೇ ಅವರು ಒಂದು ಮಾತು ಹೇಳಿದ್ದರು. "ನಾನು ಮನೆ ನೋಡ್ದೆ ಕೊಡಲ್ಲ. ಬೇಜಾರು ಮಾಡ್ಕೋಬೇಡಿ."

ನಾವೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಣ್ಣು ಕೊಡುವವರು ಮನೆ ನೋಡಲು ಬರುತ್ತಾರೇನೋ ಎಂಬಂತೆ ತಯಾರಾದೆವು. ಕಾಂಪೌಂಡಿನ ಮೇಲೆ ಎರಡು ವರಸೆ ಇಟ್ಟಿಗೆ ಏರಿಸಿದೆವು. ಅತ್ತೆ ತಮ್ಮ ಕೋಳಿಗಳನ್ನು ನಾದಿನಿಯ ಮನೆಗೆ ಸಾಗಿಸಿದರು. ಓಡಿಸಲು ಕೆರೆ ಅಂಗಳವಿತ್ತು, ಬೆಳಿಗ್ಗೆ ಯಾರು, ಸಂಜೆ ಯಾರು ಎಂಬುದೂ ತೀರ್ಮಾನವಾಗಿತ್ತು.

ಮೇಡಂ ಕಾರು ತಿರುವಿನಲ್ಲಿ ಕಂಡ ಕೂಡಲೇ ಮಾವ ಶೆಡ್ಡಿಗೆ ಹೋಗಿ ಸ್ವಿಚ್ ಆರಿಸಿ ಬಂದರು. ಅದು ನಮ್ಮಲ್ಲಿ ಮರ್ಯಾದೆ. ನೆಂಟರು ಬಂದರೆ ಮಗ್ಗ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಮಾವ ಅದನ್ನು ಯೋಚಿಸಿ ಮಾಡಿದ್ದಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟೇ ಸಹಜವಾಗಿ ಮಾಡಿದ್ದು.

ನಾಯಿ ಕಾರಿನಿಂದಿಳಿಯಿತು. ನನ್ನ ಸೊಂಟದ ಹತ್ತಿರಕ್ಕೆ ಬರುವಷ್ಟು ಎತ್ತರ, ಪಕ್ಕೆಲುಬು ಎಣಿಸುವಂಥ ಮೈ. "ಪಾಪ, ಹೊಟ್ಟೆಗೇನೂ ಹಾಕಿಲ್ವಾ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. ಈ ಜಾತಿಯೇ ಹೀಗೆ ಎಂದು ನಾನು ಪಂಡಿತೆಯ ಹಾಗೆ ಹೇಳಿದೆ. ಅದು ಅಂಗಳವನ್ನೆಲ್ಲ ಒಂದು ಸುತ್ತು ಮೂಸಿ, ನುಗ್ಗೆಮರದ ಕೆಳಗೆ ಕಾಲು ಚಾಚಿ ಮಲಗಿತು.

"ಬೆಕ್ಕು, ಮೊಲ ಕಂಡ್ರೆ ಬಿಡಲ್ಲ," ಎಂದರು ಮೇಡಂ. "ದಿನಾ ಓಡಿಸ್ಬೇಕು. ಮತ್ತೆ ಇವನಿಗೆ ಸದ್ದು ಆಗಲ್ಲ ಯಜಮಾನ್ರೇ. ದೀಪಾವಳೀಲಿ ಮಂಚದ ಕೆಳಗಿಂದ ಆಚೆ ಬರಲ್ಲ."

"ಈ ಕಡೆ ಪಟಾಕಿ ಹೊಡೆಯೋರು ಯಾರಿದಾರೆ ಮೇಡಂ," ಎಂದರು ಮಾವ.

"ಹೌದು, ಎಷ್ಟು ನಿಶ್ಶಬ್ದವಾಗಿದೆ," ಎಂದು ಅವರು ಸಮಾಧಾನದಿಂದ ಕಾಫಿ ಕುಡಿದರು. ನಾನೂ ಹೌದು ಎಂದೆ. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಅಡುಗೆ ಮಾಡುತ್ತಿದ್ದವಳು ನಾನೇ. ಆದರೆ ಈಗ ಆ ಸದ್ದು ನನಗೂ ಕೇಳುವುದಿಲ್ಲ.

ಕಾರು ತಿರುವಿನಾಚೆ ಹೋದ ಮೇಲೆ ಮಾವ ಸ್ವಿಚ್ ಹಾಕಿದರು. ನಾಲ್ಕೂ ಮಗ್ಗ ಒಟ್ಟಿಗೆ ಬಡಿಯತೊಡಗಿದ್ದೇ ತಡ, ನಾಯಿ ಹಗ್ಗ ಕಿತ್ತುಕೊಂಡು ಬಚ್ಚಲಿಗೆ ನುಗ್ಗಿ ಹಂಡೆಯ ಹಿಂದೆ ಸೇರಿತು. ಅಷ್ಟೆತ್ತರದ ಪ್ರಾಣಿ ಅಷ್ಟು ಸಣ್ಣ ಸಂದಿಯಲ್ಲಿ ಹೇಗೆ ಹಿಡಿಯಿತೋ. ಮುಟ್ಟಿದರೆ ಮೈಯೆಲ್ಲ ನಡುಗುತ್ತಿತ್ತು. ಮಗ್ಗ ನಿಂತಾಗ ಮಾತ್ರ ಹೊರಗೆ ಬಂದು ನೀರು ಕುಡಿಯುತ್ತಿತ್ತು.

"ಅಭ್ಯಾಸ ಆಗ್ತದೆ ಬಿಡು. ನಿನಗೆ ಆಗ್ಲಿಲ್ವಾ?" ಎಂದರು ಅತ್ತೆ. ಆದರೆ ದಿನ ಕಳೆದಂತೆ ನಡುಕ ಹೆಚ್ಚಾಯಿತು. ಹಾಕಿದ ಅನ್ನ ಹಾಗೇ ಒಣಗತೊಡಗಿತು.

"ಮಗ್ಗಕ್ಕೆ ಹೆದರ್ತಾ ಇದೆ," ಎಂದು ಗಂಡನಿಗೆ ಹೇಳಿದೆ.

"ಗೊತ್ತು ಕಣೇ. ಅಪ್ಪನ ಮುಂದೆ ಹಂಗನ್ಬೇಡ."

ಅದಕ್ಕೆ ಕಾರಣವಿತ್ತು. ಎದುರಿಗೆ ಹೊಸದಾಗಿ ಬಂದ ಲೇಔಟಿನವರು ಮಗ್ಗದ ಸದ್ದಿನಿಂದ ನಿದ್ದೆಯಿಲ್ಲವೆಂದು ನಗರಸಭೆಗೆ ದೂರು ಕೊಟ್ಟಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ 'ಸದ್ದು' ಎಂಬ ಮಾತೇ ನಿಷಿದ್ಧ. "ಯಾವ ಸದ್ದು? ಎಲ್ಲಿ ಸದ್ದು?" ಎಂದು ಮಾವ ಕೇಳಿದರೆ ನಾವೂ ಎಲ್ಲಿ ಎಂದು ಕೇಳಬೇಕು. ಈಗ ನಾಯಿ ಹೆದರಿತು ಎಂದರೆ ಲೇಔಟಿನವರ ಪರವಾಗಿ ನಾವೇ ಸಾಕ್ಷಿ ಹೇಳಿದಂತಾಗುತ್ತಿತ್ತು. ನಾಯಿ ಪುಕ್ಕಲು ಎಂದು ಮಾವ ತೀರ್ಪು ಕೊಟ್ಟರು. ಅದು ಎಲ್ಲರಿಗೂ ಅನುಕೂಲವಾಯಿತು.

ಮೇಡಂಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಗ್ಗ ನಿಂತ ಹೊತ್ತಿನಲ್ಲಿ ಮಾಡಿದೆ. "ನಮ್ಮನೆಗೆ ಹೊಂದ್ಕೋತಿಲ್ಲ ಮೇಡಂ," ಎಂದೆ. ಏಕೆಂದು ಅವರು ಕೇಳಿದರು. ಗೊತ್ತಾಗ್ತಿಲ್ಲ ಎಂದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು.

ಅವರು ಮುಂಬೈಗೆ ಹೊರಡಲು ಇನ್ನೂ ದಿನವಿತ್ತು, ಮಾರನೆಯ ದಿನವೇ ಬಂದರು. ಕಾರು ತಿರುವಿನಲ್ಲಿ ಕಂಡದ್ದೇ ಮಾವ ಎದ್ದು ಹೋಗಿ ಮಗ್ಗ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ನಾಯಿ ಬಚ್ಚಲಿನಿಂದ ಬಂದು ತನ್ನ ಭಾರವನ್ನೆಲ್ಲ ಅವರ ಮೊಣಕಾಲಿಗೆ ಒರಗಿಸಿ ನಿಂತಿತು. ಅವರು ಕೈಯಿಂದ ತಿನ್ನಿಸಿದರೆ ಗಬಗಬ ತಿಂದಿತು. ಅವರು ಗೋಡೆ ನೋಡಿದರು, ಮರದ ನೆರಳು ನೋಡಿದರು, ನಮ್ಮ ಮುಖ ನೋಡಿದರು. ಏನು ತೊಂದರೆಯೆಂದು ಅವರಿಗೆ ಹೊಳೆಯಲಿಲ್ಲ.

"ನಾನೇ ಮುದ್ದು ಮಾಡಿ ಕೆಡಿಸ್ಬಿಟ್ಟಿದೀನಿ ಅನ್ಸುತ್ತೆ," ಎಂದರು. "ನಿಮಗೆಲ್ಲ ಸುಮ್ನೆ ತೊಂದ್ರೆ ಕೊಟ್ಟೆ. ಕ್ಷಮಿಸಿ."

"ಪರವಾಗಿಲ್ಲ ಬಿಡಿ ಮೇಡಂ," ಎಂದರು ಮಾವ, ದೊಡ್ಡ ಮನಸ್ಸು ಮಾಡಿ.

"ಪರವಾಗಿಲ್ಲ ಬಿಡಿ," ಎಂದೆ ನಾನೂ.

ಕಾರಿನವರೆಗೆ ಜೊತೆಗೆ ಹೋದೆ. ನಾಯಿ ಹಿಂದಿನ ಸೀಟು ಹತ್ತಿ ಕಿಟಕಿಯಿಂದ ಮೂತಿ ಹೊರಗೆ ಹಾಕಿತು, ಮೇಡಂ ಮುಂದೆ ಕೂತರು. "ಬೇರೆ ಯಾರಾದ್ರೂ ಗೊತ್ತಿದ್ರೆ ಹೇಳಿ," ಎಂದರು ಮೇಡಂ. "ಇವನು ಎಲ್ಲೂ ಹೊಂದ್ಕೊಳ್ಳೋನಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ಅವ್ರಿಗೂ ನಿಮ್ಗಾದ ಹಾಗೇ ಆಗ್ಬಾರ್ದು."

ಹಾಗೆ ಹೇಳಿದರೆ ಅದನ್ನು ಯಾರೂ ಕರೆದೊಯ್ಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಗ್ಗ ಎನ್ನುವ ಎರಡಕ್ಷರದ ಮಾತು ಬಾಯಿಗೆ ಬಂದಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ನಾನು ಆಗಲಿ ಎಂಬಂತೆ ತಲೆಯಾಡಿಸಿದೆ.

ನೆಂಟರು ಗೇಟು ದಾಟಿದರೆಂದು ಒಳಗೆ ಮಾವ ಸ್ವಿಚ್ ಹಾಕಿದರು. ನಾಯಿ ಮೂತಿಯನ್ನು ಒಳಗೆಳೆದುಕೊಂಡು ಸೀಟಿನ ಕೆಳಗೆ ತೂರಿತು. ಮೇಡಂ ಬೆಚ್ಚಿ ಶೆಡ್ಡಿನ ಕಡೆ ನೋಡಿದರು. ಹಿಂದಕ್ಕೆ ಬಗ್ಗಿ ನಾಯಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದು ದಿನಾ ಇರುತ್ತಾ?" ಎಂದು ದನಿ ಎತ್ತರಿಸಿ ಕೇಳಿದರು.

ಹೂಂ ಎಂದೆ.

ಅವರು ಬೈಯಲಿಲ್ಲ. ನಾಯಿಯ ಕಡೆಯ ಗಾಜನ್ನು ಮೊದಲು ಏರಿಸಿದರು, ಆಮೇಲೆ ನನ್ನ ಕಡೆಯದನ್ನು.