ಮಹಡಿಯಿಂದ ಇಳಿದು ಬರುತ್ತಿದ್ದ ಪತ್ರಿಕೆ

ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯವೇ ಮನುಷ್ಯನ ಘನತೆಯ ಅಡಿಪಾಯ. ಈ ಮಾತನ್ನು ನಾನು ಯಾವ ತತ್ವಜ್ಞಾನಿಯಿಂದಲೂ ಕಲಿಯಲಿಲ್ಲ. ನನ್ನ ಹೆಂಡತಿಯ ತಮ್ಮನಿಂದ ಕಲಿತೆ, ಅದೂ ಅವನು ತಂದುಕೊಟ್ಟ ಯಂತ್ರ ಕೆಲಸ ಮಾಡದೆ ಕೂತಾಗಲೆಲ್ಲ.

ಯಂತ್ರ ನಮ್ಮ ಮನೆಗೆ ಬಂದದ್ದು ಅಪ್ಪನ ಕಣ್ಣಿನ ಸಲುವಾಗಿ. ಅಪ್ಪ ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಬಹಳ ವರ್ಷ ತೂಕ ನೋಡಿಕೊಂಡಿದ್ದವರು. ಬೆಳಿಗ್ಗೆ ಪತ್ರಿಕೆ ಹಿಡಿದರೆ ಕಟ್ಟಕಡೆಗೆ ಮುದ್ರಕರ ವಿಳಾಸವನ್ನೂ ಬಿಡದೆ ಓದುವ ಜಾತಿ. ಎರಡು ಕಣ್ಣಿಗೂ ಆಪರೇಷನ್ ಆದ ಮೇಲೆ ಒಂದು ಪೂರ್ತಿ ಕೈಕೊಟ್ಟಿತು. ಇನ್ನೊಂದರಲ್ಲಿ ಬೋರ್ಡಿನ ಅಕ್ಷರದಷ್ಟು ದಪ್ಪನೆಯದು ಮಾತ್ರ ಕಾಣುತ್ತಿತ್ತು. ಹೀಗಾಗಿ ಪತ್ರಿಕೆ ಓದಿ ಹೇಳುವ ಹುದ್ದೆ ನನಗೆ ಬಂತು.

ಅಧಿಕಾರ ವಹಿಸಿಕೊಂಡ ಮೊದಲ ವಾರವೇ ನಾನೂ ಅಮ್ಮನೂ ಅಡುಗೆಮನೆಯಲ್ಲಿ ಗುಟ್ಟಾಗಿ ಒಂದು ಠರಾವು ಪಾಸು ಮಾಡಿದೆವು: ಜಿಲ್ಲಾ ಪುಟದ ನಿಧನ ವಾರ್ತೆಯನ್ನು ಓದತಕ್ಕದ್ದಲ್ಲ. ಅಪ್ಪನ ವಾರಿಗೆಯವರು ಒಬ್ಬೊಬ್ಬರಾಗಿ ಆ ಕಾಲಮ್ಮಿಗೆ ಬರುತ್ತಿದ್ದರು. ಕಣ್ಣು ಹೋದವರ ಮನಸ್ಸನ್ನೂ ಯಾಕೆ ಕೆಡಿಸಬೇಕು ಎಂಬುದು ನಮ್ಮ ವಾದ. ಠರಾವು ಚೆನ್ನಾಗಿಯೇ ಜಾರಿಯಲ್ಲಿತ್ತು. ಒಂದು ದಿನ ಅಪ್ಪ ಕ್ಷೌರಕ್ಕೆ ಹೋದಾಗ, ಕತ್ತಲಗೆರೆಯ ಗೆಳೆಯ ಈಚೆಗೆ ಪೇಟೆ ಕಡೆ ಕಾಣಲಿಲ್ಲವಲ್ಲ ಎಂದು ಪಕ್ಕದಲ್ಲಿ ಕೂತವರನ್ನು ವಿಚಾರಿಸಿದ್ದಾರೆ. ಅವರು, ಅಯ್ಯೋ ಅವರು ಹೋಗಿ ಶಿವಗಣಾರಾಧನೆಯೂ ಮುಗೀತಲ್ಲ ಎಂದಿದ್ದಾರೆ.

ಅಪ್ಪ ಅರ್ಧ ಕ್ಷೌರದಲ್ಲೇ ಎದ್ದು ಮನೆಗೆ ಬಂದರು.

"ಸತ್ತೋರ ಹೆಸರು ಓದಾಕೆ ನಿನ್ನ ಬಾಯಿ ನೋಯ್ತೈತೇನು? ಮಂಡ್ಯಾಗೆ ಒಂದೇ ಬೆಂಚಿನ ಮೇಲೆ ಕೂತು ಉಂಡೋನು ಅವನು. ಮಣ್ಣಿಗೆ ಹೋಗಾಕೂ ಆಗಲಿಲ್ಲ ನನಗೆ."

ಆಮೇಲೆ ಅವರು ನನ್ನ ಬಾಯಿಂದ ಪತ್ರಿಕೆ ಕೇಳಲಿಲ್ಲ. ಪುಟವನ್ನು ಮೂಗಿಗೆ ಒತ್ತಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದರು. ಕಾಣುತ್ತಿದ್ದದ್ದು ಶಾಯಿಯ ವಾಸನೆ ಮಾತ್ರ.

ಆಗ ಹೊನ್ನಾಳಿಯಿಂದ ಭಾಮೈದ ಬಂದ. ಅವನು ಅಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ; ಬಿಡುವಿನಲ್ಲಿ ಮುಕ್ತ ತಂತ್ರಾಂಶದ ಧರ್ಮಪ್ರಚಾರ. ಬ್ಯಾಗಿನಿಂದ ಉದ್ದನೆಯ ಸೋಪಿನ ಡಬ್ಬಿಯಂಥದ್ದನ್ನು ತೆಗೆದ. ಅದು ಫೋನಲ್ಲ, ಕಂಪ್ಯೂಟರೂ ಅಲ್ಲ, ಕೈಯಲ್ಲಿ ಹಿಡಿಯುವ ಇಂಟರ್ನೆಟ್ ಟ್ಯಾಬ್ಲೆಟ್ಟು ಎಂದ. ಸ್ಮಾರ್ಟ್‌ಫೋನ್ ಎಂಬ ಹೆಸರು ಇನ್ನೂ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರಲಿಲ್ಲ. ಪಕ್ಕದ ತೂತಿನಲ್ಲಿ ಬಳಪದಂಥ ಒಂದು ಪ್ಲಾಸ್ಟಿಕ್ ಕಡ್ಡಿ. ಅದರಿಂದ ಪರದೆಯನ್ನು ಒತ್ತಬೇಕು. ತಲೆಯ ಮೇಲೆ ಪ್ಲಸ್ ಮತ್ತು ಮೈನಸ್ ಎಂಬ ಎರಡು ಗುಂಡಿ. ಪ್ಲಸ್ ಒತ್ತಿದರೆ ಅಕ್ಷರ ಹಿಗ್ಗುತ್ತದೆ, ಹಿಗ್ಗುತ್ತಲೇ ಇರುತ್ತದೆ. ಅಪ್ಪ ಅದನ್ನು ತೆಗೆದುಕೊಂಡು, ಅಡಿಕೆ ತೂಕ ನೋಡುವವರ ಹಾಗೆ ಅಂಗೈಯಲ್ಲಿ ಆಡಿಸಿ ನೋಡಿದರು.

"ಇದರೊಳಗಿನ ಸಾಫ್ಟ್‌ವೇರು ಯಾರಪ್ಪನ ಆಸ್ತಿನೂ ಅಲ್ಲ ಭಾವ," ಎಂದ ಅವನು ನನಗೆ. "ಮಠದ ಪಾತ್ರೆ ಇದ್ದಂಗೆ. ಯಾರು ಬೇಕಾದ್ರೂ ಒಯ್ಯಬೌದು. ತೂತು ಬಿದ್ರೆ ಬೆಸುಗೆ ಹಾಕಿಸಿ ವಾಪಸ್ ಇಡಬೌದು. ಹಿಂಗೇ ಬೆಳೆಯಾದು ಅದು."

ಮಠದ ಪಾತ್ರೆಯ ವಿಚಾರವನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇವನ ಅಕ್ಕನನ್ನು ನಾನು ಮದುವೆಯಾದಾಗ ಊಟಕ್ಕೆಂದು ಮಠದಿಂದ ತಂದಿದ್ದ ಹಂಡೆ, ಎರಡನೇ ಪಂಕ್ತಿಗೆ ಸರಿಯಾಗಿ ಸಾರು ಸೋರಿಸಲು ಶುರುಮಾಡಿತ್ತು. ಉಸ್ತುವಾರಿಯವರ ಬಳಿ ಹೋಗಿ ಹೇಳಿದರೆ, ಬೆಸುಗೆ ಹಾಕಿಸುವ ಪುಣ್ಯ ನಿಮ್ಮದೇ ಆಗಲಿ ಎಂದು ಹರಸಿ ಕಳಿಸಿದ್ದರು.

ಯಂತ್ರದ ಪುಣ್ಯವೂ ಕೂಡಲೇ ಬರಲಾರಂಭಿಸಿತು. ಇಂಟರ್ನೆಟ್ ಟ್ಯಾಬ್ಲೆಟ್ಟಿನಲ್ಲಿ ಇಂಟರ್ನೆಟ್ ಇರಲಿಲ್ಲ. ಸಿಮ್ ಹಾಕಲು ಜಾಗವಿಲ್ಲ. ವೈಫೈ ಬೇಕು, ಅದು ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಇಲ್ಲವಾದರೆ ಬ್ಲೂಟೂತ್ ಇರುವ ಫೋನು ಪಕ್ಕದಲ್ಲಿರಬೇಕು. ಅದನ್ನೂ ಕೊಂಡೆ. ಆ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಬಗಲಲ್ಲಿ. ಅಲ್ಲಿ ನಿಂತು ಪತ್ರಿಕೆಯ ಪುಟ ತೆರೆದರೆ ಕನ್ನಡದ ಬದಲು ಸಾಲುಸಾಲು ಚೌಕಗಳು ಬಂದವು, ಹೆಂಚು ಜೋಡಿಸಿಟ್ಟ ಹಾಗೆ. ಭಾಮೈದನಿಗೆ ಫೋನ್ ಮಾಡಿದೆ. ಅವನು ಸಂತೋಷಪಟ್ಟ. ಕನ್ನಡ ಬರುವ ಹಾಗೆ ಮಾಡಿಕೊಳ್ಳುವ ಪೂರ್ಣ ಸ್ವಾತಂತ್ರ್ಯ ನಮಗಿದೆಯಂತೆ.

ಆ ಸ್ವಾತಂತ್ರ್ಯವನ್ನು ಚಲಾಯಿಸಲು ಜಗಳೂರಿನ ಅವನ ಸ್ನೇಹಿತನೊಬ್ಬ ಬೇಕಾಯಿತು. ಆತ ಅದೇನೋ ತಿದ್ದಿ ಕಳಿಸಿದ, ಭಾಮೈದ ಭಾನುವಾರ ಬಂದು ಅದನ್ನು ತುಂಬಿಸಿದ, ಯಂತ್ರ ಸತ್ತಂತೆ ಮಲಗಿತು, ಎಬ್ಬಿಸಿದ, ಮತ್ತೆ ತುಂಬಿಸಿದ. ಅಷ್ಟರಲ್ಲಿ ನನ್ನ ಹೆಂಡತಿ ತಮ್ಮನಿಗೆಂದು ಮಾಡಿದ ಮೆಣಸಿನಕಾಯಿ ಬಜ್ಜಿ ಆರಿಹೋಗಿ, ಅದಕ್ಕೂ ನಾನೇ ಹೊಣೆಗಾರನಾದೆ. ಕೊನೆಗೆ ಕನ್ನಡ ಬಂತು. ಆದರೆ ಒತ್ತಕ್ಷರಗಳು ಕೆಳಗೆ ಕೂರಲು ಒಪ್ಪದೆ ಪಕ್ಕದಲ್ಲಿ ನಿಂತಿದ್ದವು. ಇದನ್ನು ಸರಿಮಾಡಿಸದೆ ಅಪ್ಪನ ಕೈಗೆ ಹೇಗೆ ಕೊಡುವುದು ಎಂದು ನಾನು ಗೊಣಗುತ್ತಿರುವಾಗ ಅವರೇ ಕಿತ್ತುಕೊಂಡರು. ಪ್ಲಸ್ ಗುಂಡಿಯನ್ನು ಒತ್ತಿದರು, ಇನ್ನೂ ಒತ್ತಿದರು.

"ಇರ್ಲಿ ಬಿಡು, ಒತ್ತು ನಿಂತಿದ್ರೆ ನಾನೇ ಕೆಳಗೆ ಕೂರಿಸ್ಕೊಂಡು ಓದ್ತೀನಿ. ಸತ್ತೋರ ಪುಟ ಎಲ್ಲೈತೆ?"

ಅಂದಿನಿಂದ ಮನೆಯಲ್ಲಿ ಒಂದು ವಿಧಿ ಶುರುವಾಯಿತು. ಬೆಳಿಗ್ಗೆ ಎದ್ದು ಮಹಡಿಗೆ ಹೋಗಿ, ಟ್ಯಾಂಕಿನ ಬಗಲಲ್ಲಿ ಫೋನನ್ನೂ ಯಂತ್ರವನ್ನೂ ಅಕ್ಕಪಕ್ಕ ಇಟ್ಟು, ಜಿಲ್ಲಾ ಪುಟ ಇಳಿಯುವವರೆಗೆ ಕಾಯಬೇಕು. ಇಳಿದ ಮೇಲೆ ಕಡ್ಡಿ ತಾಗದಂತೆ, ಬೆರಳು ಸೋಕದಂತೆ, ಮಂಗಳಾರತಿ ತಟ್ಟೆ ಹಿಡಿದವನ ಹಾಗೆ ಮೆಟ್ಟಿಲಿಳಿದು ಅಪ್ಪನ ಕೈಗೆ ಕೊಡಬೇಕು. ಬೆರಳು ಸೋಕಿದರೆ ಪುಟ ಹಾರಿ, ನಾನು ಮತ್ತೆ ಮಹಡಿಗೆ. ಮಗ ದಿನಾ ಅಷ್ಟು ಹೊತ್ತಿಗೆ ಮಹಡಿ ಮೇಲೆ ಏನು ಮಾಡುತ್ತಾನೆ ಎಂದು ಎದುರು ಮನೆಯವರು ಅಮ್ಮನನ್ನು ಕೇಳಿದರು. ಸೂರ್ಯನಮಸ್ಕಾರ ಎಂದು ಅಮ್ಮ ಹೇಳಿದ್ದರಂತೆ.

ನಾನು ರೇಗುತ್ತಿದ್ದೆ, ಅಪ್ಪ ಓದುತ್ತಿದ್ದರು. ಒಂದು ಹೆಸರಿಗೆ ಪರದೆ ಪೂರ್ತಿ ಬೇಕು. ಒಂದು ಸಾಲಿಗೆ ಐದಾರು ಸಲ ತಳ್ಳಬೇಕು. ಆದರೂ ತ್ಯಾವಣಿಗೆಯ ಹಳೆಯ ಗಿರಾಕಿಯೊಬ್ಬರು ಹೋದದ್ದನ್ನು ಅವರೇ ಕಂಡುಹಿಡಿದು, ಅಂಗಿ ಹಾಕಿಕೊಂಡು ನಿಂತುಬಿಟ್ಟರು. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಣ್ಣು ಕೊಟ್ಟು ಬರುವಾಗ ದಾರಿಯುದ್ದಕ್ಕೂ ಅವರ ಮಾತು ಆ ಗಿರಾಕಿಯ ಜಿಪುಣತನದ ಬಗ್ಗೆ, ನಗುನಗುತ್ತಲೇ. ಠರಾವು ಪಾಸು ಮಾಡಿದ ನಾವಿಬ್ಬರೂ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಆಮೇಲೆ ಆಯುಧ ಪೂಜೆ ಬಂತು. ನಮ್ಮ ಮನೆಯ ಆಯುಧಗಳು ಈಳಿಗೆಮಣೆ, ಸುತ್ತಿಗೆ, ಅಪ್ಪನ ಹಳೆಯ ತಕ್ಕಡಿ, ನನ್ನ ಸ್ಕೂಟರು. ಆ ದಿನದ ಪುಟವನ್ನು ಅಪ್ಪ ಓದಿ ಕೆಳಗಿಟ್ಟಿದ್ದರು. ನಾನು ಸ್ಕೂಟರು ತೊಳೆದು ಒಳಗೆ ಬರುವಷ್ಟರಲ್ಲಿ ಅಮ್ಮ ಯಂತ್ರವನ್ನೂ ತಕ್ಕಡಿಯ ಪಕ್ಕ ಮಣೆಯ ಮೇಲೆ ಕೂರಿಸಿದ್ದರು. ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ಒದ್ದೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಕಡ್ಡಿಯ ತೂತಿನಲ್ಲಿ ಒಂದು ಸೇವಂತಿಗೆ.

ನನ್ನ ಮುಖ ನೋಡಿ ಅಮ್ಮನಿಗೆ ಸಿಟ್ಟು ಬಂತು. "ಸುತ್ತಿಗೆಗೆ ಹಚ್ಚಿ ನಿಮ್ಮಪ್ಪನ ಕಣ್ಣಿಗೆ ಹಚ್ಚದಂಗೆ ಬಿಡ್ಲಾ?"

ಪೂಜೆ ಮುಗಿದ ಮೇಲೆ ಬಟ್ಟೆ ತಂದೆ. ಒರೆಸಿದೆ. ಮೇಲಿನದು ಹೋಯಿತು, ಅಂಚಿಗೆ ಇಳಿದದ್ದು ಹೋಗಲಿಲ್ಲ. ಮರುದಿನ ಪತ್ರಿಕೆಗೆ ರಜೆ, ಹಾಗಾಗಿ ಅನಾಹುತ ಗೊತ್ತಾಗಲಿಲ್ಲ. ಅದರ ಮರುದಿನ ಟ್ಯಾಂಕಿನ ಬಗಲಲ್ಲಿ ನಿಂತು ಕಡ್ಡಿಯಿಂದ ಎಲ್ಲಿ ಒತ್ತಿದರೂ ಯಂತ್ರ ಕೇಳಲಿಲ್ಲ. ಅದು ಒತ್ತಿದರೆ ತಿಳಿಯುವ ಪರದೆ. ಒಣಗಿದ ವಿಭೂತಿ ಬಲಗಡೆಯ ಕೆಳಮೂಲೆಯನ್ನು ಹಗಲೂ ರಾತ್ರಿ ಒತ್ತಿಕೊಂಡು ಕೂತಿತ್ತು. ತಲೆಯ ಮೇಲಿನ ಗುಂಡಿಗಳು ಮಾತ್ರ ನಡೆಯುತ್ತಿದ್ದವು. ಅಂದರೆ ಆಯುಧ ಪೂಜೆಯ ದಿನದ ಪುಟವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಬೇರೆ ಪುಟಕ್ಕೆ ಹೋಗುವಂತಿಲ್ಲ.

ಅಪ್ಪ ಅದನ್ನೇ ಓದಿದರು. ಆರಿಸಿದರೆ ಆ ಪುಟವೂ ಹೋಗುತ್ತದೆಂದು ಚಾರ್ಜಿಗೆ ಹಾಕಿಯೇ ಇಟ್ಟಿದ್ದೆವು. ಕೆಲವು ದಿನವಾದ ಮೇಲೆ ಅವರು ತಲೆಯೆತ್ತಿ, "ಈ ಪುಣ್ಯಾತ್ಮ ಮೊನ್ನೆನೂ ಸತ್ತಿದ್ದ, ನಿನ್ನೆನೂ ಸತ್ತಿದ್ದ. ಇವತ್ತೂ ಬಿಡಂಗಿಲ್ಲ ಅಂತಾನೆ," ಎಂದರು.

ಕರೆಂಟು ಹೋಗಿ, ಬ್ಯಾಟರಿ ಇಳಿದು, ಯಂತ್ರ ಆರಿತು. ಮತ್ತೆ ಹಚ್ಚಿದರೆ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸು ಎಂದು ಕೇಳತೊಡಗಿತು. ಮೂರು ಮೂಲೆ ನಾನು ಮುಟ್ಟಬೇಕು, ನಾಲ್ಕನೆಯದನ್ನು ವಿಭೂತಿ ಬಿಟ್ಟುಕೊಡಬೇಕು. ನ್ಯಾಮತಿಯಲ್ಲಿ ಒಬ್ಬರು ಯಾವ ಮೊಬೈಲನ್ನಾದರೂ ರಿಪೇರಿ ಮಾಡುತ್ತಾರೆಂದು ಕೇಳಿ ಅಲ್ಲಿಗೂ ಒಯ್ದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ಇದರ ಸಿಮ್ ಎಲ್ಲಿ ಹಾಕ್ತೀರಿ ಎಂದು ಕೇಳಿದರು. ಇಲ್ಲ ಎಂದೆ. ಸಿಮ್ ಇಲ್ಲದ್ದಕ್ಕೆ ಕೈ ಹಾಕಲ್ಲ ಎಂದು ಬಟ್ಟೆಯಲ್ಲಿ ಒರೆಸಿ ವಾಪಸು ಕೊಟ್ಟರು. ಭಾಮೈದ ಆ ಯಂತ್ರದ ಬಳಗಕ್ಕೆ, ಹೊರದೇಶದವರಿಗೆಲ್ಲ, ಬರೆದು ಕೇಳಿದ. ವಿಭೂತಿ ಎಂದರೇನೆಂದು ವಿವರಿಸುವುದಕ್ಕೇ ಅವನಿಗೆ ಒಂದು ಸಂಜೆ ಹಿಡಿಯಿತಂತೆ. ಉತ್ತರ ಬಹಳ ಸೌಜನ್ಯದಿಂದ ಬಂತು: ಇಂಥ ತೊಂದರೆ ಈವರೆಗೆ ಯಾರಿಗೂ ಆಗಿಲ್ಲ, ಆ ಮೂಲೆಯನ್ನು ಲೆಕ್ಕಕ್ಕೆ ಹಿಡಿಯದಂತೆ ತಂತ್ರಾಂಶವನ್ನು ತಿದ್ದಿಕೊಳ್ಳಲು ನೀವು ಸ್ವತಂತ್ರರು, ತಿದ್ದಿದರೆ ನಮಗೂ ಕಳಿಸಿ.

ಮಠದ ಉಸ್ತುವಾರಿಯವರ ಧ್ವನಿಯೇ ಕೇಳಿಸಿದಂತಾಯಿತು.

ಜಗಳೂರಿನ ಸ್ನೇಹಿತನಿಗೆ ಆಗಲೇ ಬೇರೆ ಕೆಲಸ ಸಿಕ್ಕಿತ್ತು. ಭಾಮೈದ ಪ್ರತಿ ಭಾನುವಾರ ಬರುವ ಮಾತಾಡಿ ಮುಂದಿನ ಹಬ್ಬಕ್ಕೆ ಬಂದ. ಅಷ್ಟರೊಳಗೆ ಒಂದು ಬೆಳಿಗ್ಗೆ ಅಪ್ಪ ಪಡಸಾಲೆಯಿಂದ ನನ್ನನ್ನು ಕರೆದರು. ಕಾಗದದ ಪತ್ರಿಕೆ ತೊಡೆಯ ಮೇಲಿತ್ತು. ಅದನ್ನು ನನ್ನ ಕಡೆ ಚಾಚಿ, ಕೈಯಿಂದ ಬಿಡದೆ ಹಿಡಿದುಕೊಂಡೇ ಹೇಳಿದರು:

"ಮೊದ್ಲು ಸತ್ತೋರದು ಓದು. ಒಬ್ಬರ್ನೂ ಬಿಡಂಗಿಲ್ಲ."

ಬಿಡುವುದಿಲ್ಲ ಎಂದೆ. ಆಮೇಲೆ ಪತ್ರಿಕೆ ಕೈಗೆ ಬಂತು.

ಯಂತ್ರ ಈಗಲೂ ಕಪಾಟಿನಲ್ಲಿದೆ. ಅಪ್ಪ ಇದ್ದಷ್ಟು ಕಾಲ ಪತ್ರಿಕೆಯನ್ನು ದಿನಾ ನಾನೇ ಓದಿದೆ, ನಿಧನ ವಾರ್ತೆಯಿಂದ ಶುರುಮಾಡಿ.