ದೂರಿನ ಪಟ್ಟಿಯಲ್ಲಿ ಟೀಚರ್ ಹೆಸರು

ಶನಿವಾರ ಶಾಲೆ ಬೇಗ. ಶಿಕಾರಿಪುರದಲ್ಲಿ ನಸುಕಿನ ಬಸ್ಸು ಹಿಡಿದು, ಶಿರಾಳಕೊಪ್ಪದಲ್ಲಿ ಇನ್ನೊಂದನ್ನು ಹತ್ತಿ, ಶಶಿರೇಖಾ ಟೀಚರ್ ಏಳೂವರೆಗೆಲ್ಲ ಸೊರಬ ತಾಲ್ಲೂಕಿನ ಹೊಸಬಾಳೆ ಕಡೆಯ ಈ ಸರ್ಕಾರಿ ಶಾಲೆಯ ಬೀಗ ತೆಗೆಯುತ್ತಾರೆ. ಕಿಟಕಿ ತೆರೆದು, ಚಾಪೆ ಹಾಸಿ, ಬೋರ್ಡಿನತ್ತ ತಿರುಗುತ್ತಾರೆ. ಶನಿವಾರದ ತರಗತಿ ಸಭೆಗೆಂದು ಮಕ್ಕಳು ನಿನ್ನೆ ಸಂಜೆಯೇ ಬರೆದಿಟ್ಟ ದೂರಿನ ಪಟ್ಟಿ ಅಲ್ಲಿದೆ. ಅದರಲ್ಲಿ ಮೂರನೆಯ ಹೆಸರು: ಟೀಚರ್.

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದರು. ಇವತ್ತು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ವೀರಬಸಪ್ಪ ತರಗತಿ ನೋಡಲು ಬರುವವರಿದ್ದಾರೆ. ಭಯವಿಲ್ಲದೆ ಮಕ್ಕಳು ಹದ್ದುಬಸ್ತಿಗೆ ಬರುವುದುಂಟೇ ಎಂಬುದು ಅವರ ತಕರಾರು. ತರಗತಿಯನ್ನು ಹದ್ದುಬಸ್ತಿಗೆ ತರಲು ಅವರು ಕೊಟ್ಟ ಒಂದು ತಿಂಗಳ ಗಡುವು ಇವತ್ತಿಗೆ ಮುಗಿಯುತ್ತದೆ. ಶಶಿರೇಖಾ ಅತಿಥಿ ಶಿಕ್ಷಕಿ, ಆ ಕೆಲಸ ಆಯಾ ವರ್ಷದ್ದು. ಊರವರು ಬೇಡವೆಂದರೆ ಮುಂದಿನ ಜೂನ್‌ನಲ್ಲಿ ಕರೆ ಬರುವುದಿಲ್ಲ.

ಈಸೂರಿನ ರೈತರ ಮಗಳಾದ ಇವರಿಗೆ ಒಂಬತ್ತು ವರ್ಷದಲ್ಲಿ ಇದು ಐದನೇ ಶಾಲೆ. ನಾಲ್ಕು, ಐದನೇ ತರಗತಿಗಳಿಗೆ ಒಂದೇ ಕೋಣೆ, ಮೂವತ್ತೆಂಟು ಮಕ್ಕಳು. ಹೋದ ವರ್ಷ ಇಲ್ಲೇ ಕೂಗಿ ಕೂಗಿ ಗಂಟಲು ಕಟ್ಟಿ ಮೂರು ದಿನ ಮಾತೇ ಹೊರಡಲಿಲ್ಲ. ಕೈಸನ್ನೆಯಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳೇ ಒಬ್ಬರನ್ನೊಬ್ಬರು ಸುಮ್ಮನಾಗಿಸಿದ್ದು ಕಂಡಿತು. ಹಾಗಾದರೆ ನಿಯಮವನ್ನೂ ಅವರೇ ಮಾಡಲಿ ಎಂದುಕೊಂಡರು. ಮಕ್ಕಳು ಬಿಡುತ್ತಾರೆಯೇ? ಇಪ್ಪತ್ತಮೂರು ನಿಯಮ ಬರೆದರು. ಪಾಠದ ನಡುವೆ ಪಿಸುಗುಟ್ಟಿದರೆ ನೂರು ಬಸ್ಕಿ!

“ನಾನೇ ಹೆದ್ರಿಬಿಟ್ಟೆ ರೀ. ಮೇಷ್ಟ್ರುಗಳಿಗಿಂತ ಅವ್ರೇ ಬಿಗಿ” ಎಂದು ಟೀಚರ್ ನಗುತ್ತಾರೆ. ಆದರೂ ಅಳಿಸಲಿಲ್ಲ. ಮೊದಲ ದಿನವೇ ಬರೆದವರೇ ಸಿಕ್ಕಿಬಿದ್ದರು. ಬಸ್ಕಿ ಹತ್ತಕ್ಕೆ ನಿಂತಿತು, ಆ ನಿಯಮವನ್ನು ಅವರೇ ಒರೆಸಿದರು. ಹೀಗೇ ಒಂದೊಂದಾಗಿ ಅಳಿದು ಈಗ ಉಳಿದಿರುವುದು ನಾಲ್ಕು. ಕೈ ಎತ್ತಿ ಮಾತಾಡಬೇಕು, ದೂರನ್ನು ಪೂರ್ತಿ ಕೇಳಬೇಕು, ಕೆಡಿಸಿದವರೇ ಸರಿಮಾಡಬೇಕು. ನಾಲ್ಕನೆಯದು, ಇವೆಲ್ಲ ಎಲ್ಲರಿಗೂ ಒಂದೇ.

ಎಂಟೂವರೆಗೆ ಸಭೆ ಶುರು. ಈ ವಾರದ ಅಧ್ಯಕ್ಷೆ ಐದನೇ ತರಗತಿಯ ಧನ್ಯಾ. ಹಿಂದೆ ಕುರ್ಚಿಯಲ್ಲಿ ವೀರಬಸಪ್ಪ, ಪಕ್ಕದಲ್ಲಿ ಮುಖ್ಯ ಶಿಕ್ಷಕಿ ರಾಜೇಶ್ವರಮ್ಮ. ಪೆನ್ಸಿಲಿನದೊಂದು, ಜಾಗದ್ದೊಂದು ಜಗಳ ಬೇಗನೆ ಬಗೆಹರಿಯುತ್ತವೆ. ಮೂರನೆಯದಕ್ಕೆ ನಾಲ್ಕನೇ ತರಗತಿಯ ಕೊಟ್ರೇಶ್ ಏಳುತ್ತಾನೆ. ಗುರುವಾರ ನೀರಿನ ಬಕೆಟ್ ಉರುಳಿದಾಗ ಟೀಚರ್ ಏನನ್ನೂ ಕೇಳದೆ ಅವನನ್ನು ಬೈದರಂತೆ, ಉರುಳಿಸಿದ್ದು ಬೆಕ್ಕಂತೆ.

ವೀರಬಸಪ್ಪ ದಡಕ್ಕನೆ ಎದ್ದು, ಟೀಚರಿಗೇ ಎದುರಾಡುತ್ತೀಯಾ ಎಂದು ಗದರುತ್ತಾರೆ.

“ಅಜ್ಜ, ಕೈ ಎತ್ತಿ ಮಾತಾಡ್ರಿ. ನಿಮಗಿಂತ ಮುಂಚೆ ಇನ್ನೂ ಇಬ್ರು ಅದಾರೆ” ಎನ್ನುತ್ತಾಳೆ ಧನ್ಯಾ.

ಊರಿನಲ್ಲಿ ವೀರಬಸಪ್ಪನವರ ಮಾತಿಗೆ ಅಡ್ಡ ಬಂದವರಿಲ್ಲ. ಕೆಲಸ ಹೋಯಿತು ಎಂದೇ ಶಶಿರೇಖಾಗೆ ಅನ್ನಿಸುತ್ತದೆ. ಧನ್ಯಾಳಿಗೆ ಸುಮ್ಮನೆ ಕೂರು ಎಂದರೆ ಎಲ್ಲ ಸರಿಹೋದೀತು. ಟೀಚರ್ ಹಾಗೆನ್ನುವುದಿಲ್ಲ. ವೀರಬಸಪ್ಪ ಅತ್ತಿತ್ತ ನೋಡಿ ಕೂರುತ್ತಾರೆ. ಆಮೇಲೆ ಮೆಲ್ಲಗೆ ಬಲಗೈ ಎತ್ತುತ್ತಾರೆ. ಅಬ್ಬಾ, ಆ ಕೈಯನ್ನು ಕಣ್ಣಾರೆ ನೋಡಬೇಕಿತ್ತು!

ಅವರ ಸರದಿ ಬರುವಷ್ಟರಲ್ಲಿ ಟೀಚರ್ ಎದ್ದು ನಿಂತು ತಪ್ಪು ಒಪ್ಪಿಕೊಂಡಿದ್ದಾರೆ. ಬೈದದ್ದು ಎಲ್ಲರೆದುರು, ಹಾಗಾಗಿ ಎಲ್ಲರೆದುರೇ ಕ್ಷಮೆ ಎಂದು ಸಭೆ ಹೇಳಿದೆ, ಆ ಕ್ಷಮೆಯನ್ನೂ ಕೇಳಿದ್ದಾರೆ.

“ಜೋರು ಮಾಡಾಣ ಅಂತಿದ್ದೆ. ಕಾಯೋದ್ರಾಗೆ ಸಿಟ್ಟೇ ಇಳ್ದೋತು” ಎನ್ನುತ್ತಾರೆ ವೀರಬಸಪ್ಪ. ಹೊರಡುವಾಗ, ಮುಂದಿನ ವರ್ಷವೂ ಇದೇ ಟೀಚರ್ ಇರಲಿ, ಸಮಿತಿಯಿಂದ ತಾನೇ ಬರೆದುಕೊಡುತ್ತೇನೆ ಎಂದು ರಾಜೇಶ್ವರಮ್ಮನವರಿಗೆ ಹೇಳುತ್ತಾರೆ.

ಕೆಲಸ ಉಳಿದ ಖುಷಿಯೇ ಎಂದರೆ ಶಶಿರೇಖಾ ಹೌದೆಂದು ತಲೆಯಾಡಿಸುತ್ತಾರೆ. ಆಮೇಲೆ ಅಂಗಳದಲ್ಲಿ ಓಡುತ್ತಿರುವ ಕೊಟ್ರೇಶನನ್ನು ತೋರಿಸುತ್ತಾರೆ.

“ಹೋದ ವರ್ಷ ಮೂರನೇ ಕ್ಲಾಸಲ್ಲಿದ್ದಾಗ ನನ್ನ ಕಂಡ್ರೆ ಬಾಗ್ಲ ಹಿಂದೆ ಅಡಗ್ತಿದ್ದ ರೀ ಅವ್ನು. ಈಗ ನನ್ನ ಮೇಲೇ ದೂರು ಕೊಡ್ತಾನೆ.”