ಗುರಪ್ಪ ಕಾಕಾನ ಒಗ್ಗರಣಿ ರೊಟ್ಟಿ

ಗುರಪ್ಪ ಕಾಕಾ ರೊಟ್ಟಿಯನ್ನು ಮೊದಲು ಕಿವಿಯಿಂದ ನೋಡುತ್ತಿದ್ದರು. ಕಿವಿಯ ಹತ್ತಿರ ಹಿಡಿದು ಅಂಚು ಮುರಿಯುವುದು, ಕಣ್ಣು ಮುಚ್ಚಿ ಕೇಳುವುದು, ಆಮೇಲೆ ತೀರ್ಪು. ಟಕ್ಕೆಂದು ಮುರಿದರೆ ಖಡಕ್ ಇದೆ, ಇನ್ನಷ್ಟು ದಿನ ಇಡಬಹುದು. ಸದ್ದಿಲ್ಲದೆ ಬಾಗಿದರೆ ಅದಕ್ಕೆ ಅವತ್ತೇ ಒಂದು ಗತಿ ಕಾಣಿಸಬೇಕು. "ಇದು ಸುಸ್ತ ಆಗೇತಿ ತಂಗಿ, ನೀರ ಕುಡಸಬೇಕು," ಎನ್ನುತ್ತಿದ್ದರು. ರಬಕವಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಶಾಲೆಯಲ್ಲಿ ಮಕ್ಕಳ ಜೊತೆ ಒದರಿ ದಣಿದು ಬಂದ ನನಗೆ ಆ ಗೋಡೆಯಾಚೆ ಸಾಸಿವೆ ಚಟಪಟ ಎಂದರೆ ಸಾಕು, ಬಟ್ಟಲು ಹಿಡಿದು ಹೊರಡುತ್ತಿದ್ದೆ. ತಿನ್ನುವುದರಲ್ಲಿ ನಾಚಿಕೆ ಎಂಥದು?

ಕಾಕಾ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಜಮಖಂಡಿಯಿಂದ ತುಬಚಿಗೆ ಹೋಗಿ ರಾತ್ರಿ ಅಲ್ಲೇ ಉಳಿಯುವ ವಸ್ತಿ ಬಸ್ಸು ಬಹಳ ವರ್ಷ ಅವರ ಪಾಲಿಗಿತ್ತು. ಹೆಂಡತಿ ಶಾಂತವ್ವ ಕಾಕು ಕಟ್ಟಿಕೊಟ್ಟ ರೊಟ್ಟಿ ಮರುದಿನಕ್ಕೆ ಬಿಗಿದು ಹಲಗೆಯಾಗುತ್ತಿತ್ತು, ಚೆಲ್ಲಿದರೆ ಮನೆಯಲ್ಲಿ ಮಹಾಭಾರತ. ಹಾಗಾಗಿ ಯಾರದೋ ಮನೆಯಲ್ಲಿ ಮಜ್ಜಿಗೆ ಇಸಿದುಕೊಂಡು ಕಲಿತ ವಿದ್ಯೆ ಅದು. ಮೆತ್ತಗಾದ ರೊಟ್ಟಿಗೆ ಒದ್ದೆ ಕೈ ಸವರಿ ಹೆಂಚಿನ ಮೇಲೆ ತಿರುವುತ್ತಿದ್ದರು. ಬಿಗಿದದ್ದನ್ನು ಪುಡಿ ಮಾಡಿ, ಮಜ್ಜಿಗೆ ಚಿಮುಕಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ಹೊರಳಿಸಿ ಮುಚ್ಚಳ ಮುಚ್ಚುತ್ತಿದ್ದರು. ಬೇಕರಿಯ ಬ್ರೆಡ್ ಒಣಗಿದರೂ ಅದಕ್ಕೆ ಅದೇ ಮರ್ಯಾದೆ. ಆದರೆ ಬೂಷ್ಟಿನ ಒಂದು ಚುಕ್ಕೆ ಕಂಡರೆ ಮುಗಿಯಿತು, ದನಕ್ಕೂ ಹಾಕುತ್ತಿರಲಿಲ್ಲ. "ಹಳೇದಕ್ಕ ಉಪಾಯ ಐತಿ, ಕೆಟ್ಟದ್ದಕ್ಕಿಲ್ಲ," ಎಂಬುದು ಅವರ ಮಾತು.

ಕಾಕು ಅದನ್ನು ಕೇಳಿ ನಗುತ್ತಿದ್ದರು. "ಒಂದ ರೊಟ್ಟಿ ಬಡಿಯಾಕ ಬರೂದಿಲ್ಲ, ಒಗ್ಗರಣಿ ಹಾಕಿದ್ದ ದೊಡ್ಡಸ್ತನ ಇವರದು."

"ನೀ ಬಡಿ, ನಾ ಉದ್ಧಾರ ಮಾಡ್ತೀನಿ. ಸಂಸಾರ ಅಂದ್ರ ಅದ," ಎನ್ನುತ್ತಿದ್ದರು ಕಾಕಾ.

ಹೋದ ಬೇಸಿಗೆಯಲ್ಲಿ ಕಾಕು ಇದ್ದಕ್ಕಿದ್ದಂತೆ ತೀರಿಕೊಂಡರು. ಹಿಂದಿನ ದಿನವಷ್ಟೇ ಒಂದು ಬುಟ್ಟಿ ಖಡಕ್ ರೊಟ್ಟಿ ಬಡಿದಿಟ್ಟಿದ್ದರು. ಕಾಕಾ ಆ ಬುಟ್ಟಿಗೆ ಬಿಳಿ ಅರಿವೆ ಮುಚ್ಚಿ ಜಂತಿಗೆ ತೂಗುಹಾಕಿದರು. ಮುಟ್ಟಲಿಲ್ಲ, ಮುಟ್ಟಗೊಡಲಿಲ್ಲ. ಚಹಾದಲ್ಲಿ ಬ್ರೆಡ್ ಅದ್ದಿ ತಿಂದು ದಿನ ದೂಡತೊಡಗಿದರು. ಗೋಡೆಯಾಚೆಯ ಒಗ್ಗರಣೆಯ ಸದ್ದು ನಿಂತಿತು. ಕಾಕಾನ ಅಂಗಿ ದಿನದಿನಕ್ಕೆ ಸಡಿಲಾಯಿತು. ಮುಧೋಳದಲ್ಲಿ ನರ್ಸ್ ಆಗಿರುವ ಮಗಳು ಸಾವಿತ್ರಿ ಫೋನಿನಲ್ಲಿ ಅಳುತ್ತಿದ್ದಳು: "ಅಪ್ಪ ಊಟಾನ ಬಿಟ್ಟಾರ್ರಿ ಅಕ್ಕಾ, ನೀವರ ಹೇಳ್ರಿ."

ನಾನು ಹೇಳದೆ ಇರುತ್ತೇನೆಯೇ? "ಮಳಿಗಾಲ ಬಂತ್ರಿ ಕಾಕಾ, ಬುಟ್ಯಾಗಿನ ರೊಟ್ಟಿ ಕೆಡತಾವ. ತಿನ್ರಿ."

"ಕೆಡೂದಿಲ್ಲ. ನಾ ನೋಡ್ಕೋತೀನಿ."

ಬಿಸಿಲು ಬಿದ್ದ ದಿನ ಬುಟ್ಟಿ ಇಳಿಸಿ ಒಣಗಿಸುವರು, ಮತ್ತೆ ತೂಗುಹಾಕುವರು. ನನಗೆ ಸಿಟ್ಟೂ ಬರುತ್ತಿತ್ತು, ಮರುಕವೂ ಆಗುತ್ತಿತ್ತು.

ನಾಗರ ಪಂಚಮಿಗೆ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಮನೆಯಿಂದ ಮನೆಗೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಓಡಾಡುತ್ತವೆ. ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವಂತಿಲ್ಲ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಆದರೂ ಓಣಿಯವರು ಕಾಕಾನ ಕಟ್ಟೆಯ ಮೇಲೆ ಡಬ್ಬಿ ಇಟ್ಟುಹೋಗಿದ್ದರು. ನನ್ನದನ್ನು ಹಿಡಿದು ನಾನು ಒಳಗೆ ಹೋದರೆ ಕಾಕಾ ಬುಟ್ಟಿ ಇಳಿಸಿಕೊಂಡು ನೆಲದ ಮೇಲೆ ಕುಳಿತಿದ್ದರು. ವಾರವಿಡೀ ಜಿಟಿಜಿಟಿ ಮಳೆ ಹಿಡಿದಿತ್ತು. ತಳದಲ್ಲಿದ್ದ ರೊಟ್ಟಿಗಳ ಮೇಲೆ ಬಿಳಿ ಬೂಷ್ಟು.

"ಕಾಯ್ಕೋತ ಕುಂತು ನಾನ ಕೆಡಿಸಿದ್ನಲ್ಲ ತಂಗಿ," ಎಂದರು. ಕಾಕುವನ್ನು ಮಣ್ಣು ಮಾಡಿದ ದಿನವೂ ಅಳದ ಮನುಷ್ಯ ಆವತ್ತು ಅತ್ತರು. ಪಕ್ಕದಲ್ಲಿ ಕುಳಿತೆ. ಬುಟ್ಟಿಯೊಳಗೆ ಇಣುಕಿ ಕೇಳಿದೆ, "ಮ್ಯಾಲಿನೂವು ಛಲೋ ಅದಾವೇನ್ರಿ?"

ಮೇಲಿನ ಕಟ್ಟು ಬೇರೆ ಅರಿವೆಯಲ್ಲಿತ್ತು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. "ಮೆತ್ತಗಾಗ್ಯಾವ. ಕೆಟ್ಟಿಲ್ಲ." ಎದ್ದು ಒಲೆ ಹೊತ್ತಿಸುತ್ತ, "ಉಳ್ಳಾಗಡ್ಡಿ ಹೆಚ್ಚು," ಎಂದರು.

ದೊಡ್ಡ ಬೋಗುಣಿ ಒಲೆಗೇರಿತು. ಬೂಷ್ಟು ಹಿಡಿದದ್ದನ್ನು ಬಿಟ್ಟು ಕಾಕು ಬಡಿದ ಉಳಿದ ಅಷ್ಟೂ ರೊಟ್ಟಿ ಮುರಿದು ಒಗ್ಗರಣೆಗೆ ಬಿತ್ತು. ಓಣಿಯವರ ಡಬ್ಬಿಗಳನ್ನು ತೆರವು ಮಾಡಿ ಕಾಕಾ ಅದನ್ನು ತುಂಬತೊಡಗಿದಾಗ ನಾನು ಅನುಮಾನಿಸಿದೆ. "ಈ ವರ್ಷ ನೀವು ಕೊಡಬಹುದೇನ್ರಿ ಕಾಕಾ?"

"ಇದು ಹಬ್ಬದ್ದಲ್ಲ ತಂಗಿ. ಆಕಿ ಮಾಡಿಟ್ಟ ಹೋಗ್ಯಾಳ. ಮಂದಿ ಹೊಟ್ಟಿಗಿ ಹೋಗ್ಲಿ."

ನಾನೇ ಮನೆಮನೆಗೆ ಮುಟ್ಟಿಸಿ ಬಂದೆ. ಯಾರೂ ಬೇಡ ಎನ್ನಲಿಲ್ಲ. ಮರಳಿ ಬಂದಾಗ ಕಾಕಾ ಬೋಗುಣಿಯ ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ಹಾಕಿಕೊಂಡು ತಿನ್ನುತ್ತಿದ್ದರು. "ಉಪ್ಪ ಕಮ್ಮಿ ಆತು," ಎಂದು ಗೊಣಗಿ ಮತ್ತೆ ಬಡಿಸಿಕೊಂಡರು.

ಕೆಲ ದಿನ ಬಿಟ್ಟು ನಮ್ಮ ಅಡುಗೆಮನೆಗೇ ಬಂದು ನಿಂತರು. "ಬಡಿಯೂದು ಕಲಿಸು." ಜೋಳದ ಹಿಟ್ಟು ನಾದಿ ನಾದಿ, ಬಡಿದು ಬಡಿದು, ಕೊನೆಗೆ ಒಂದು ಹೆಂಚಿಗೆ ಬಿತ್ತು. ಅದಕ್ಕೆ ಮೂಲೆಗಳಿದ್ದವು.

"ಯಾವ ತಾಲೂಕಿನ ನಕಾಶೆ ರೀ ಇದು?" ಎಂದೆ.

"ಬೀಳಗಿ ಅಂತ ತಿಳಕೋ. ದುಂಡಗ ಆಗಾಕ ಇನ್ನೂ ದೂರ ಐತಿ."

ದೀಪಾವಳಿ ಕಳೆಯುವ ಹೊತ್ತಿಗೆ ದುಂಡಗಾಯಿತು. ಆಗ ಅವರೇ ಗಂಟುಮೂಟೆ ಕಟ್ಟಿದರು. "ಸಾವಿತ್ರಿ ಡ್ಯೂಟಿ ಮುಗಿಸಿ ಬಂದು ಬ್ರೆಡ್ ತಿಂದು ಮಲಗತಾಳಂತ. ಹಿಂಗಾದ್ರ ಹೆಂಗ? ಹೋಗಿ ರೊಟ್ಟಿ ಮಾಡಿ ಹಾಕ್ತೀನಿ." ಈಗ ಪಕ್ಕದ ಮನೆಗೆ ಬೀಗ. ಸಂಜೆ ಬಂದಾಗ ಬಿಕೋ ಎನ್ನುತ್ತದೆ, ಸುಳ್ಳೇಕೆ ಹೇಳಲಿ.

ಹೊರಟ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನನ್ನ ಕೈಗೊಂದು ಅರಿವೆಯ ಗಂಟು ಕೊಟ್ಟರು. ಇನ್ನೂ ಬಿಸಿಯಿತ್ತು. "ಸಾಲಿಗೆ ಹೊತ್ತಾತ್ರಿ ಕಾಕಾ. ಇಟ್ಟಿರತೀನಿ, ಸಂಜಿಗೆ ತಿಂತೀನಿ," ಎಂದೆ.

"ಇಡಬ್ಯಾಡ ತಂಗಿ. ಈಗ ತಿನ್ನು."

ಬಸ್ಸು ಹತ್ತಿ ಕುಳಿತು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಅಲ್ಲೇ ನಿಂತು ರೊಟ್ಟಿ ಮುರಿದು ಬಾಯಿಗಿಟ್ಟೆ. ಮುಧೋಳದ ಬಸ್ಸು ಹೊರಟಾಗ ಬಾಯಿ ತುಂಬಿತ್ತು, ಹೋಗಿ ಬರ್ರಿ ಎನ್ನಲೂ ಆಗಲಿಲ್ಲ.